ಒಳ್ಳೆಯ ಕೆಲಸಕ್ಕೂ ಅನುಮತಿ ಬೇಕೇ?



ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಉತ್ತರ ಹೇಳಲು ಆತುರಪಡಬೇಡಿ.

ಕೊಳ್ಳೇಗಾಲದ ಒಂದು ಬಡಾವಣೆಯಲ್ಲಿ ನಿಮ್ಮದೊಂದು ಮನೆಯಿದೆ ಎಂದು ಭಾವಿಸಿಕೊಳ್ಳಿ. ಪಕ್ಕದ ಮನೆಯ ಗೃಹಿಣಿಯೊಬ್ಬರು ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಲು ಆರಂಭಿಸುತ್ತಾರೆ. ಮೊದಲಿಗೆ ಎಂಟೇ ಮಕ್ಕಳು. ಹಜಾರದಲ್ಲಿ ಚಾಪೆ ಹಾಸಿ ಹೋಮ್‌ವರ್ಕ್ ಮಾಡಿಸುತ್ತಾರೆ. ಟೀಚರಮ್ಮನ ಒಳ್ಳೆಯ ಹೆಸರು ಬಾಯಿಂದ ಬಾಯಿಗೆ ಹರಡುತ್ತದೆ. ಚಿತ್ರಕಲೆ ಸೇರುತ್ತದೆ, ಡ್ಯಾನ್ಸ್ ಸೇರುತ್ತದೆ, ಶನಿವಾರ ಕರಾಟೆ ಸೇರುತ್ತದೆ. ಮೂರು ವರ್ಷಗಳಲ್ಲಿ ಮಕ್ಕಳ ಸಂಖ್ಯೆ ಅರವತ್ತಾಗುತ್ತದೆ. ಸಂಜೆ ನಾಲ್ಕೂವರೆಗೆ ಬೀದಿಯ ತುಂಬ ಆಟೋಗಳು, ಸ್ಕೂಟರುಗಳು. ಮಹಡಿಯಲ್ಲಿ ಹಾಡಿನ ಸದ್ದು. ಎದುರು ಮನೆಯಲ್ಲಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಹಿರಿಯರೊಬ್ಬರಿದ್ದಾರೆ. ಅವರ ಮಗ ನಗರಸಭೆಗೆ ದೂರು ಕೊಡುತ್ತಾನೆ. ವಸತಿ ವಲಯದಲ್ಲಿ ಅನುಮತಿಯಿಲ್ಲದೆ ವ್ಯಾಪಾರ ನಡೆಸಲಾಗುತ್ತಿದೆ ಎಂದು ನೋಟಿಸು ಬರುತ್ತದೆ.

"ನಾನು ಸಾರಾಯಿ ಮಾರುತ್ತಿಲ್ಲ, ಮಕ್ಕಳಿಗೆ ನಾಲ್ಕು ಅಕ್ಷರ ಕಲಿಸುತ್ತಿದ್ದೇನೆ" ಎನ್ನುತ್ತಾರೆ ಟೀಚರಮ್ಮ. "ಮನೆ ಎಂದು ಇಲ್ಲಿ ಸೈಟು ಕೊಂಡವರು ನಾವು, ಶಾಲೆಯ ಪಕ್ಕದಲ್ಲಿ ಕೊಂಡವರಲ್ಲ" ಎನ್ನುತ್ತಾನೆ ಎದುರು ಮನೆಯವನು.

ನೀವು ಯಾರ ಪಕ್ಷ?

ಎಂಟು ವರ್ಷದ ಮಗುವಿರುವ ತಾಯಿಗೆ ಟೀಚರಮ್ಮನ ಮಾತು ನ್ಯಾಯವೆನಿಸುತ್ತದೆ. ಮನೆಯಲ್ಲಿ ಕಾಯಿಲೆಯ ಹಿರಿಯರಿರುವವರಿಗೆ ದೂರು ಕೊಟ್ಟವನದು ನ್ಯಾಯವೆನಿಸುತ್ತದೆ. ಹೀಗೆ ನಮ್ಮ ಮನೆಯ ಪರಿಸ್ಥಿತಿಯೇ ನಮ್ಮ ನ್ಯಾಯವಾಗಿಬಿಡುತ್ತದೆ. ಈ ಕಷ್ಟವನ್ನು ದಾಟಿ ಯೋಚಿಸಲು ಸಾಧ್ಯವೇ ಎಂಬುದೇ ಇಂದಿನ ವಿಚಾರ.

ವಲಯ ಎಂದರೇನು?

ಹನೂರು ತಾಲ್ಲೂಕಿನ ಶಾಗ್ಯದಂತಹ ಊರಿನಲ್ಲಿ ಕುಳಿತು ವಸತಿ ವಲಯ, ವಾಣಿಜ್ಯ ವಲಯ ಎಂದು ಮಾತನಾಡಿದರೆ ನಗು ಬಂದೀತು. ಹಳ್ಳಿಯಲ್ಲಿ ಮನೆಯ ಮುಂದಿನ ಜಗಲಿಯೇ ಅಂಗಡಿ, ಹಿಂದಿನ ಕೊಟ್ಟಿಗೆಯೇ ಹೈನು, ಒಳಕೋಣೆಯೇ ರೇಷ್ಮೆಹುಳುವಿನ ತಟ್ಟೆಗಳ ಜಾಗ. ಕೊಳ್ಳೇಗಾಲದ ರೇಷ್ಮೆ ಸೀರೆಗೆ ಹೆಸರು ತಂದುಕೊಟ್ಟ ಮಗ್ಗಗಳೂ ನೇಕಾರರ ಮನೆಯೊಳಗೇ ಇದ್ದವು. ಮಗ್ಗದ ಸದ್ದು ಕೇಳಿಕೊಂಡೇ ಮಕ್ಕಳು ತೊಟ್ಟಿಲಲ್ಲಿ ಮಲಗಿದರು. ದುಡಿಮೆಗೊಂದು ಬೀದಿ, ಬದುಕಿಗೊಂದು ಬೀದಿ ಎಂದು ನಮ್ಮ ಹಿರಿಯರು ಬೇರೆ ಮಾಡಿರಲಿಲ್ಲ.

ಹಾಗಾದರೆ ಈ ನಿಯಮ ಏಕೆ ಬಂತು? ಹಳ್ಳಿಯಲ್ಲಿ ತೊಂದರೆಯಾದರೆ ಪಕ್ಕದ ಮನೆಯ ಜಗಲಿಗೆ ಹೋಗಿ, "ಅಕ್ಕಾ, ರಾತ್ರಿ ಮಗು ನಿದ್ದೆ ಮಾಡಲಿಲ್ಲ, ಸ್ವಲ್ಪ ನೋಡಿ" ಎಂದು ಹೇಳಬಹುದಿತ್ತು. ಹೇಳುವವರಿಗೂ ಕೇಳುವವರಿಗೂ ಮೂರು ತಲೆಮಾರಿನ ಪರಿಚಯ. ಪಟ್ಟಣದ ಬಡಾವಣೆಯಲ್ಲಿ ಎಲ್ಲಿಂದಲೋ ಬಂದ ನೂರು ಕುಟುಂಬಗಳು ಒಟ್ಟಿಗೆ ಮನೆ ಕಟ್ಟುತ್ತವೆ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಪರಿಚಯ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ನಿಯಮ ಮಾಡಬೇಕಾಗುತ್ತದೆ. ಊರಿನ ಯಾವ ಭಾಗದಲ್ಲಿ ಮನೆ, ಯಾವ ಭಾಗದಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಎಲ್ಲಿ ಉದ್ಯಾನ ಎಂದು ನಕ್ಷೆಯಲ್ಲಿ ಗೊತ್ತುಮಾಡುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಮೂಲಕ ನಡೆಯುತ್ತದೆ. ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಮನೆ ಕಟ್ಟುವವನಿಗೆ ಆ ನಕ್ಷೆ ಒಂದು ಮಾತು ಕೊಟ್ಟಂತೆ: ನಿನ್ನ ಪಕ್ಕದಲ್ಲಿಯೂ ಮನೆಯೇ ಇರುತ್ತದೆ.

ಆದ್ದರಿಂದ ವಲಯ ನಿಯಮವನ್ನು ಬರೀ ಸರ್ಕಾರಿ ಕಾಗದವೆಂದು ತಳ್ಳಿಹಾಕುವಂತಿಲ್ಲ. ನಮಗೆ ಪರಿಚಯವೇ ಇಲ್ಲದ ನೆರೆಯವರ ವಿಷಯದಲ್ಲಿ ನಾವು ವಹಿಸಬೇಕಾದ ಕಾಳಜಿಯನ್ನು ಅದು ಬರೆದಿಟ್ಟಿದೆ.

ಒಂದು ಉದ್ಯಾನದ ಕಥೆ

ಒಳ್ಳೆಯ ಕೆಲಸಕ್ಕೆ ನಿಯಮದ ಅಡ್ಡಿ ಇರಬೇಕೇ ಎಂಬ ಪ್ರಶ್ನೆ ನಮ್ಮ ರಾಜ್ಯದಲ್ಲೇ ಹಿಂದೊಮ್ಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ನಕ್ಷೆಯಲ್ಲಿ ಒಂದು ತೆರೆದ ಜಾಗವನ್ನು ಸಾರ್ವಜನಿಕ ಉದ್ಯಾನಕ್ಕೆಂದು ಮೀಸಲಿಡಲಾಗಿತ್ತು. 1976ರಲ್ಲಿ ಸರ್ಕಾರದ ಆದೇಶದಂತೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಆ ಜಾಗವನ್ನು ಒಂದು ವೈದ್ಯಕೀಯ ಟ್ರಸ್ಟಿಗೆ ಆಸ್ಪತ್ರೆ ಕಟ್ಟಲು ಕೊಟ್ಟಿತು. ಬಡಾವಣೆಯ ನಿವಾಸಿಗಳು ಹೈಕೋರ್ಟಿಗೆ ಹೋದರು. ಮೊದಲು ಸೋತರು, ಮೇಲ್ಮನವಿಯಲ್ಲಿ ಗೆದ್ದರು. ಟ್ರಸ್ಟು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 1991ರಲ್ಲಿ, ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಅವರ ಮೊಕದ್ದಮೆ ಎಂದು ಹೆಸರಾದ ಆ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು.

ಆಸ್ಪತ್ರೆ ಕೆಟ್ಟದ್ದೇ? ಖಂಡಿತ ಅಲ್ಲ. ರೋಗಿಗೆ ಮದ್ದು ಕೊಡುವುದು ಪುಣ್ಯದ ಕೆಲಸ. ಆಸ್ಪತ್ರೆಯೂ ನಾಗರಿಕ ಸೌಲಭ್ಯವೇ ಅಲ್ಲವೇ ಎಂದು ಟ್ರಸ್ಟಿನವರೂ ವಾದಿಸಿದರು. ಆದರೆ ಎಲ್ಲರಿಗೂ ಸೇರಿದ ಉದ್ಯಾನಕ್ಕೆ ಖಾಸಗಿ ಆಸ್ಪತ್ರೆ ಬದಲಿಯಾಗಲಾರದು, ಕಾನೂನು ಹೇಳಿದ ಕ್ರಮವನ್ನು ಬಿಟ್ಟು ಉದ್ಯಾನದ ಜಾಗವನ್ನು ಬೇರೊಂದಕ್ಕೆ ಕೊಡಲು ಅಧಿಕಾರದಲ್ಲಿರುವವರಿಗೂ ಹಕ್ಕಿಲ್ಲ ಎಂಬುದು ತೀರ್ಪಿನ ತಿರುಳು. ತಮ್ಮ ಬಡಾವಣೆಯ ಉದ್ಯಾನಕ್ಕಾಗಿ ಕೇಳುವ ಹಕ್ಕು ಅಲ್ಲಿ ವಾಸಿಸುವ ಸಾಮಾನ್ಯ ಜನರಿಗೆ ಇದೆ ಎಂದೂ ನ್ಯಾಯಾಲಯ ಒಪ್ಪಿತು.

ಆ ಪ್ರಕರಣದಲ್ಲಿ ನಿಯಮ ಉಳಿಸಿದ್ದು ಮಕ್ಕಳು ಆಡುವ ಜಾಗವನ್ನು. ಆದ್ದರಿಂದ ಅದು ನಮಗೆ ಸುಲಭವಾಗಿ ಹಿಡಿಸುತ್ತದೆ. ಆದರೆ ಅದೇ ನಿಯಮ ಟೀಚರಮ್ಮನ ಮಹಡಿಯಲ್ಲಿ ಕುಣಿಯುವ ಮಕ್ಕಳನ್ನು ತಡೆದಾಗ ಬೇಸರವಾಗುತ್ತದೆ. ನಮ್ಮವರಿಗೆ ಒಳ್ಳೆಯದಾದಾಗ ನಿಯಮ ಪವಿತ್ರ, ನಮ್ಮವರಿಗೆ ಅಡ್ಡಿಯಾದಾಗ ನಿಯಮ ಕಿರುಕುಳ ಎನ್ನುವುದಾದರೆ, ನಾವು ಗೌರವಿಸಿದ್ದು ನಿಯಮವನ್ನಲ್ಲ, ನಮ್ಮ ಅನುಕೂಲವನ್ನು.

ಸಭೆಯಲ್ಲಿ ಮಾತನಾಡಲಾರದವರು

ಹಾಗೆಂದು ದೂರು ಕೊಟ್ಟವನೇ ಸರಿ ಎಂದು ಇಲ್ಲಿಗೆ ಮುಗಿಸುವಂತಿಲ್ಲ. ನಗರಸಭೆಯ ಮುಂದೆ ಯಾರು ಯಾರು ಬರುತ್ತಾರೆ ಎಂದು ಒಮ್ಮೆ ನೋಡಿ. ದೂರುದಾರ ಬರುತ್ತಾನೆ, ವಕೀಲರು ಬರುತ್ತಾರೆ, ವಾರ್ಡಿನ ಸದಸ್ಯರು ಬರುತ್ತಾರೆ, ಟೀಚರಮ್ಮ ಬರುತ್ತಾರೆ. ಯಾರಿಗಾಗಿ ಇದೆಲ್ಲ ನಡೆದಿದೆಯೋ ಆ ಮಕ್ಕಳು ಮಾತ್ರ ಬರುವುದಿಲ್ಲ. ಅವರಿಗೆ ಮತವಿಲ್ಲ, ಅರ್ಜಿ ಬರೆಯಲು ಬಾರದು.

ಗಾರೆ ಕೆಲಸಕ್ಕೆ ಹೋದ ತಂದೆ, ಗಾರ್ಮೆಂಟ್ಸಿಗೆ ಹೋದ ತಾಯಿ ಮನೆ ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿರುತ್ತದೆ. ಶಾಲೆ ಬಿಟ್ಟ ಹೊತ್ತಿನಿಂದ ಆ ಹೊತ್ತಿನವರೆಗೆ ಮಗು ಎಲ್ಲಿರಬೇಕು? ಅಜ್ಜಿ ಇದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಈಗ ಅಜ್ಜಿ ಊರಿನಲ್ಲಿ, ಮಗು ಪಟ್ಟಣದ ಬಾಡಿಗೆ ಮನೆಯಲ್ಲಿ. ಬೀಗ ಹಾಕಿದ ಮನೆಯ ಮೆಟ್ಟಿಲ ಮೇಲೆ ಕೂತು ಮೊಬೈಲು ನೋಡುವುದೋ, ಬೀದಿ ಸುತ್ತುವುದೋ, ಅಥವಾ ಟೀಚರಮ್ಮನ ಚಾಪೆಯ ಮೇಲೆ ಕೂರುವುದೋ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವೆ. ಗಿಡ ಬಗ್ಗುವುದು ಈ ಎರಡು ಮೂರು ತಾಸುಗಳಲ್ಲಿಯೇ.

ವಿಶ್ರಾಂತಿ, ಬಿಡುವು ಮತ್ತು ಆಟ ಮಕ್ಕಳ ಹಕ್ಕು ಎಂದು ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಆ ಒಡಂಬಡಿಕೆಗೆ ಒಪ್ಪಿಗೆ ಕೊಟ್ಟಿತು. ಜರ್ಮನಿ ದೇಶದಲ್ಲಿ ಶಿಶುವಿಹಾರಗಳ ಗದ್ದಲದ ಬಗ್ಗೆ ನೆರೆಹೊರೆಯವರು ಮೊಕದ್ದಮೆ ಹೂಡುವುದು ಹೆಚ್ಚಾದಾಗ, 2011ರಲ್ಲಿ ಕಾನೂನಿಗೇ ತಿದ್ದುಪಡಿ ತಂದರು. ಶಿಶುವಿಹಾರ ಮತ್ತು ಮಕ್ಕಳ ಆಟದ ಅಂಗಳಗಳಿಂದ ಬರುವ ಮಕ್ಕಳ ಸದ್ದನ್ನು ಸಾಮಾನ್ಯವಾಗಿ ಹಾನಿಕರವೆಂದು ಎಣಿಸಬಾರದು ಎಂದು ಅಲ್ಲಿ ಈಗ ಬರೆದಿದೆ. ಜನರೇಟರಿನ ಸದ್ದೂ ಮಕ್ಕಳ ನಗುವೂ ಅಳತೆಯ ಯಂತ್ರಕ್ಕೆ ಒಂದೇ ಇರಬಹುದು. ಮನುಷ್ಯರ ಕಿವಿಗೆ ಒಂದೇ ಆಗಬಾರದು ಎಂಬುದು ಆ ತಿದ್ದುಪಡಿಯ ಹಿಂದಿನ ಭಾವನೆ.

ಟೀಚರಮ್ಮನ ಜೀವನೋಪಾಯವನ್ನೂ ಮರೆಯಬೇಡಿ. ವಾಣಿಜ್ಯ ರಸ್ತೆಯಲ್ಲಿ ಮಳಿಗೆ ಹಿಡಿಯಲು ಮುಂಗಡ ಹಣ ಕೊಡುವ ಶಕ್ತಿ ಇದ್ದಿದ್ದರೆ ಆಕೆ ಹಜಾರದಲ್ಲಿ ಚಾಪೆ ಹಾಸುತ್ತಿರಲಿಲ್ಲ. ಸ್ವಂತ ಮಕ್ಕಳನ್ನೂ ನೋಡಿಕೊಂಡು ನಾಲ್ಕು ಕಾಸು ಸಂಪಾದಿಸಲು ಮನೆಯೊಂದೇ ಜಾಗವಾಗಿರುವ ಹೆಂಗಸರು ನಮ್ಮಲ್ಲಿ ಬಹಳ ಮಂದಿ. ನಿಯಮವನ್ನು ಅಕ್ಷರಕ್ಕೆ ಅಕ್ಷರ ಹಿಡಿದರೆ ಮೊದಲು ಪೆಟ್ಟು ಬೀಳುವುದು ಅವರಿಗೇ.

ಕಾಗದವಲ್ಲ, ಜೀವ

ಹಾಗಾದರೆ ಕಣ್ಣುಮುಚ್ಚಿ ಬಿಟ್ಟುಬಿಡೋಣವೇ? ಬಿಡಬಾರದೆಂದು ಎರಡು ದುರಂತಗಳು ನಮಗೆ ಹೇಳುತ್ತವೆ.

2019ರ ಮೇ 24ರಂದು ಗುಜರಾತಿನ ಸೂರತ್ ನಗರದಲ್ಲಿ ವಾಣಿಜ್ಯ ಕಟ್ಟಡವೊಂದರ ಮೇಲಂತಸ್ತಿನ ತರಗತಿಗೆ ಬೆಂಕಿ ಬಿದ್ದು 22 ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಇಳಿಯಲು ದಾರಿ ಕಾಣದೆ ಮಕ್ಕಳು ಮೇಲಿನಿಂದ ಕೆಳಕ್ಕೆ ಜಿಗಿದರು. 2024ರ ಜುಲೈ 27ರಂದು ದೆಹಲಿಯ ಹಳೆ ರಾಜೇಂದ್ರ ನಗರದಲ್ಲಿ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ಯುವಜನರು ಸತ್ತರು. ಆ ನೆಲಮಾಳಿಗೆಯನ್ನು ಸಾಮಾನು ಇಡುವುದಕ್ಕೆಂದು ಮಂಜೂರು ಮಾಡಿಸಿಕೊಂಡು ಗ್ರಂಥಾಲಯವಾಗಿ ಬಳಸಲಾಗುತ್ತಿತ್ತು.

ಎರಡೂ ಕಡೆ ನಡೆಯುತ್ತಿದ್ದದ್ದು ವಿದ್ಯೆಯ ಕೆಲಸ. ಓದಲು ಬಂದವರು ಓದುತ್ತಿದ್ದರು, ಅಷ್ಟೇ. ಒಂದು ಕುಟುಂಬಕ್ಕೆಂದು ಕಟ್ಟಿದ ಮನೆಯಲ್ಲಿ ಅರವತ್ತು ಮಕ್ಕಳು ಕೂತರೆ ಮೆಟ್ಟಿಲು ಎಷ್ಟು ಅಗಲವಿರಬೇಕು, ಕಿಟಕಿಯ ಸರಳಿನ ಆಚೆ ಹೋಗಲು ದಾರಿಯಿದೆಯೇ, ಅಡಿಗೆಯ ಗ್ಯಾಸು ಎಲ್ಲಿದೆ, ವಿದ್ಯುತ್ ತಂತಿ ತಡೆದೀತೇ ಎಂದು ಯಾರಾದರೂ ಬಂದು ನೋಡಬೇಕು. ಅನುಮತಿ ಪಡೆಯುವುದೆಂದರೆ ನೋಡುವವರನ್ನು ಒಳಗೆ ಕರೆಯುವುದು. ಅನುಮತಿಯಿಲ್ಲದೆ ನಡೆಸುವುದೆಂದರೆ ನೋಡುವವರಿಲ್ಲದೆ ನಡೆಸುವುದು. ಟೀಚರಮ್ಮನ ಮನಸ್ಸು ಎಷ್ಟೇ ಒಳ್ಳೆಯದಿದ್ದರೂ ಮೆಟ್ಟಿಲು ಅಗಲವಾಗುವುದಿಲ್ಲ.

ಕೋಟೆಯ ಬಾಗಿಲು

ನಿಯಮವನ್ನು ಎಲ್ಲಿ ಬಿಗಿಯಾಗಿ ಹಿಡಿಯಬೇಕು, ಎಲ್ಲಿ ಸಡಿಲಿಸಬೇಕು? 13ನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಇದೇ ಪ್ರಶ್ನೆಯನ್ನು ಎತ್ತಿಕೊಂಡರು. ಅವರು ಕೊಡುವ ಉದಾಹರಣೆ ಸರಳವಾದುದು. ಶತ್ರುಗಳು ಮುತ್ತಿದ ಪಟ್ಟಣದಲ್ಲಿ ಕೋಟೆಯ ಬಾಗಿಲು ಮುಚ್ಚಿರಬೇಕೆಂಬ ನಿಯಮವಿದೆ. ಪಟ್ಟಣವನ್ನು ಕಾಯುವ ವೀರರನ್ನೇ ಶತ್ರುಗಳು ಅಟ್ಟಿಸಿಕೊಂಡು ಬರುತ್ತಿದ್ದಾರೆ. ಆಗ ಬಾಗಿಲು ತೆರೆಯದಿದ್ದರೆ ನಿಯಮ ಉಳಿಯುತ್ತದೆ, ಪಟ್ಟಣ ಅಳಿಯುತ್ತದೆ. ಯಾವ ಸಾಮಾನ್ಯ ಹಿತಕ್ಕಾಗಿ ನಿಯಮ ಬಂದಿತೋ ಅದಕ್ಕೇ ನಿಯಮ ವಿರುದ್ಧವಾದಾಗ ಬಾಗಿಲು ತೆರೆಯಬೇಕು ಎನ್ನುತ್ತಾರೆ ಸಂತರು.

ಎಷ್ಟೋ ಮಂದಿ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ, "ನೋಡಿ, ಒಳ್ಳೆಯ ಉದ್ದೇಶವಿದ್ದರೆ ನಿಯಮ ಮೀರಬಹುದು" ಎನ್ನುತ್ತಾರೆ. ಸಂತರು ಮುಂದೆ ಇನ್ನೊಂದು ಮಾತನ್ನೂ ಸೇರಿಸಿದ್ದಾರೆ. ಅಪಾಯ ಹಠಾತ್ತಾಗಿ ಬಂದು, ಕೇಳಲು ಸಮಯವೇ ಇಲ್ಲದಿದ್ದಾಗ ಮಾತ್ರ ಬಾಗಿಲ ಬಳಿ ಇದ್ದವನು ತಾನೇ ನಿರ್ಧರಿಸಬಹುದು. ಸಮಯವಿದ್ದರೆ ಅಧಿಕಾರದಲ್ಲಿರುವವರನ್ನು ಕೇಳಬೇಕು. ಯಾವುದು ಪಟ್ಟಣಕ್ಕೆ ಹಿತ, ಯಾವುದು ಅಲ್ಲ ಎಂದು ಪ್ರತಿಯೊಬ್ಬನೂ ತನಗೆ ತಾನೇ ತೀರ್ಮಾನಿಸಿಕೊಳ್ಳುವಂತಿಲ್ಲ.

ನಮ್ಮ ವಿಚಾರಕ್ಕೆ ಇದು ಸರಿಯಾಗಿ ಹೊಂದುತ್ತದೆ. ಮಕ್ಕಳ ಸಂಖ್ಯೆ ಎಂಟರಿಂದ ಅರವತ್ತಕ್ಕೆ ಏರಲು ಮೂರು ವರ್ಷ ಹಿಡಿಯಿತು. ಕೇಳಲು ಸಮಯವಿತ್ತು. ಟೀಚರಮ್ಮ ನಗರಸಭೆಯನ್ನು ಕೇಳಬೇಕಿತ್ತು. ಅದಕ್ಕಿಂತ ಮೊದಲು ಎದುರು ಮನೆಯನ್ನು ಕೇಳಬೇಕಿತ್ತು. ಅದೇ ರೀತಿ ದೂರುದಾರನಿಗೂ ಮೂರು ವರ್ಷ ಸಮಯವಿತ್ತು. ನಗರಸಭೆಗೆ ಹೋಗುವ ಮೊದಲು ಬೀದಿ ದಾಟಿ, "ಅಕ್ಕಾ, ಅಪ್ಪನಿಗೆ ಆರೋಗ್ಯವಿಲ್ಲ, ಹಾಡು ಸ್ವಲ್ಪ ಕಡಿಮೆ ಮಾಡಿಸಿ" ಎನ್ನಬಹುದಿತ್ತು. ಇನ್ನು ಅಧಿಕಾರದಲ್ಲಿರುವ ನಗರಸಭೆಯವರು ನಿಯಮದ ಪುಸ್ತಕ ತೆರೆಯುವಾಗ, ಆ ನಿಯಮ ಯಾರ ಹಿತಕ್ಕಾಗಿ ಬಂತು ಎಂದೂ ಕೇಳಿಕೊಳ್ಳಬೇಕು.

ನಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳೋಣ

ಇದು ಬೇರೆಯವರ ಜಗಳ ಎಂದು ಹಗುರವಾಗಿ ತೆಗೆದುಕೊಳ್ಳುವ ಮುನ್ನ ಇನ್ನೊಂದು ತೀರ್ಪನ್ನು ನೆನಪಿಸಿಕೊಳ್ಳೋಣ. 2000ನೆಯ ಇಸವಿಯಲ್ಲಿ ಚೆನ್ನೈಯ ಕ್ರೈಸ್ತ ಪ್ರಾರ್ಥನಾ ಸಭೆಯೊಂದರ ವಾದ್ಯ ಮತ್ತು ಧ್ವನಿವರ್ಧಕಗಳ ಬಗ್ಗೆ ಪಕ್ಕದ ಬಡಾವಣೆಯವರು ಹೂಡಿದ್ದ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಬಂತು. ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಅದೇ ವರ್ಷ ಜಾರಿಗೆ ಬಂದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು. ಇದು ಪ್ರಾರ್ಥನೆಗೂ, ಜಾತ್ರೆಗೂ, ಮದುವೆಗೂ, ಟೀಚರಮ್ಮನ ಡ್ಯಾನ್ಸ್ ಕ್ಲಾಸಿಗೂ ಅನ್ವಯಿಸುತ್ತದೆ. ನಮ್ಮ ಹಬ್ಬದ ಮೈಕಿಗೆ ರಿಯಾಯಿತಿ ಬೇಡುವ ನಾವು ಪಕ್ಕದ ಮನೆಯ ಮಕ್ಕಳ ಹಾಡಿಗೆ ನೋಟಿಸು ಕೊಡಿಸಿದರೆ, ಅದು ನೆರೆಯವರನ್ನು ನಮ್ಮಂತೆಯೇ ಕಾಣುವುದಾಗುವುದಿಲ್ಲ.

ಆದ್ದರಿಂದ ಇಂತಹ ವ್ಯಾಜ್ಯ ಬಂದಾಗ ಪಕ್ಷ ಹಿಡಿಯುವ ಮೊದಲು ಕುರ್ಚಿ ಬದಲಿಸಿ ಕೂರಿ. ಟೀಚರಮ್ಮನ ಪರವಾಗಿರುವವರು ತಮ್ಮ ತಂದೆಯೇ ಎದುರು ಮನೆಯಲ್ಲಿ ಮಲಗಿದ್ದಾರೆ ಎಂದು ಎಣಿಸಿಕೊಳ್ಳಲಿ. ದೂರುದಾರನ ಪರವಾಗಿರುವವರು ತಮ್ಮ ಮಗುವೇ ಬೀಗ ಹಾಕಿದ ಬಾಗಿಲ ಮುಂದೆ ಕೂತಿದೆ ಎಂದು ಎಣಿಸಿಕೊಳ್ಳಲಿ. ಕುರ್ಚಿ ಬದಲಿಸಿದ ಮೇಲೂ ನಿಮ್ಮ ಉತ್ತರ ಬದಲಾಗದೆ ನಿಂತರೆ ಅದು ನ್ಯಾಯಕ್ಕೆ ಹತ್ತಿರವಾದ ಉತ್ತರ.

ಹಾಗೆ ಕೂತು ನೋಡಿದವರಿಗೆ ಮುಚ್ಚಿಸುವುದು ಅಥವಾ ಬಿಟ್ಟುಬಿಡುವುದು ಎಂಬ ಎರಡೇ ದಾರಿಗಳಲ್ಲದೆ ಮೂರನೆಯದೂ ಕಾಣುತ್ತದೆ. ಆ ಮನೆಗೆ ಎಷ್ಟು ಮಕ್ಕಳು ಹಿಡಿಯುತ್ತಾರೋ ಅಷ್ಟೇ ಮಕ್ಕಳು. ನೆಲ ಅಂತಸ್ತಿನಲ್ಲಿ ಮಾತ್ರ ತರಗತಿ. ಗೊತ್ತುಮಾಡಿದ ಸಮಯ. ಧ್ವನಿವರ್ಧಕ ಬೇಡ. ಆಟೋಗಳು ಬೀದಿಯ ತಿರುವಿನಲ್ಲೇ ನಿಲ್ಲಲಿ, ಅಲ್ಲಿಂದ ಮಕ್ಕಳು ನಡೆದು ಬರಲಿ. ಭಾನುವಾರ ಬಿಡುವು. ಮಕ್ಕಳು ಹೆಚ್ಚಾದರೆ ಕುಣಿತ ಮತ್ತು ಕರಾಟೆಗೆ ಬೇರೆ ಜಾಗ. ಇವುಗಳಲ್ಲಿ ಹೆಚ್ಚಿನವು ನಗರಸಭೆಯವರೆಗೆ ಹೋಗದೆಯೇ ಎರಡು ಮನೆಗಳ ನಡುವೆ ತೀರ್ಮಾನವಾಗಬಹುದಾದ ಮಾತುಗಳು. ಉಳಿದದ್ದನ್ನು ನಗರಸಭೆ ನೋಡಿ, ಕಾನೂನು ಅವಕಾಶ ಕೊಟ್ಟಷ್ಟಕ್ಕೆ ಷರತ್ತು ಹಾಕಿ, ಬರವಣಿಗೆಯಲ್ಲಿ ಕೊಡಲಿ.

ಆ ಬೇರೆ ಜಾಗ ಎಲ್ಲಿದೆ ಎಂದು ನೀವು ಕೇಳಬಹುದು. ನಮ್ಮ ಊರುಗಳಲ್ಲಿ ಸಂಜೆ ನಾಲ್ಕೂವರೆಯ ನಂತರ ಬೀಗ ಬೀಳುವ ಕಟ್ಟಡಗಳನ್ನು ಲೆಕ್ಕ ಹಾಕಿ. ಶಾಲೆಯ ಕೊಠಡಿಗಳು, ಸಮುದಾಯ ಭವನ, ನಮ್ಮ ಧರ್ಮಕೇಂದ್ರದ ಸಭಾಂಗಣ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ. 2020ರ ನವೆಂಬರಿನಲ್ಲಿ ರಾಜ್ಯ ಸರ್ಕಾರ "ಓದುವ ಬೆಳಕು" ಎಂಬ ಕಾರ್ಯಕ್ರಮದ ಮೂಲಕ ಮಕ್ಕಳಿಗೆ ಆ ಗ್ರಂಥಾಲಯಗಳ ಸದಸ್ಯತ್ವವನ್ನು ಉಚಿತವಾಗಿ ಮಾಡಿಕೊಟ್ಟಿತು. ಮಕ್ಕಳಿಗಾಗಿ ಸಂಜೆ ಎರಡು ತಾಸು ಬಾಗಿಲು ತೆರೆಯಲು ಬೇಕಾದದ್ದು ಒಂದು ದೀಪ, ಕುಡಿಯುವ ನೀರು, ಶೌಚಾಲಯದ ಕೀಲಿಕೈ ಮತ್ತು ಸರದಿಯ ಮೇಲೆ ಕೂರುವ ಇಬ್ಬರು ನಂಬಿಕಸ್ತ ದೊಡ್ಡವರು. ಅದು ಎಲ್ಲ ಮತದ ಮಕ್ಕಳಿಗೂ ತೆರೆದಿರಲಿ.

ಆದರೆ ಅಲ್ಲಿಯೂ, ಓದುಗರೇ, ಬಾಗಿಲು ತೆರೆಯುವ ಮೊದಲು ಪಕ್ಕದ ಮನೆಗೆ ಹೋಗಿ ಒಂದು ಮಾತು ಕೇಳಿ. ಅವರ ಮನೆಯಲ್ಲಿ ಮಲಗಿರುವ ಹಿರಿಯರು ಯಾರಾದರೂ ಇದ್ದಾರೆಯೇ, ಎಷ್ಟು ಹೊತ್ತಿಗೆ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ ಎಂದು ತಿಳಿದುಕೊಳ್ಳಿ. ಮುಂದಿನ ಪಾಲನಾ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಯಾರಾದರೂ ಎತ್ತಬೇಕು. ನೀವೇ ಎತ್ತಬಾರದೇಕೆ?